ಅಜ್ಜನ ಗೆರೆ, ಅಜ್ಜಿಯ ಗುಳಿಗೆ

ಆ ಬುಧವಾರ ಕಂಪ್ಲಿಯಿಂದ ಹೊಸಪೇಟೆಗೆ ವಾಪಸಾದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟು: "ಅಜ್ಜಿ, ಎಪ್ಪತ್ತರ ಆಸುಪಾಸು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ನೋವು ಹದಿನಾಲ್ಕಾಣೆ. ಉಸಿರು ನಿಮಿಷಕ್ಕೆ ಹದಿನೆಂಟು. ಮಾರ್ಫಿನ್ ಹತ್ತು ಮಿಲಿಗ್ರಾಂ, ಐವತ್ತು ಗುಳಿಗೆ. ಬರೆದುಕೊಟ್ಟದ್ದು ನಾನು."

ಕೊನೆಯ ಮಾತನ್ನು ಯಾರಿಗೋಸ್ಕರ ಬರೆದೆನೋ ಗೊತ್ತಿಲ್ಲ. ಆ ನೋಟ್‌ಬುಕ್ಕನ್ನು ನನ್ನ ಹೊರತು ಬೇರೆ ಯಾರೂ ಓದುವುದಿಲ್ಲ. ಅದುವರೆಗೆ ನಮ್ಮ ಆಸ್ಪತ್ರೆಯಲ್ಲಿ ಮಾರ್ಫಿನ್ ಬರೆಯುತ್ತಿದ್ದವರು ಹಿರಿಯ ಡಾಕ್ಟರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅಂದು ಮೊದಲ ಸಲ ಚೀಟಿ ನನ್ನ ಕೈಯದು, ಸಹಿ ನನ್ನದು. ಬೀಗ ಹಾಕಿದ ಕಪಾಟಿನಿಂದ ಗುಳಿಗೆ ತೆಗೆಸಿ ರಿಜಿಸ್ಟರಿನಲ್ಲಿ ಬರೆಯುವ ಮೊದಲು ಮೂರು ಸಲ ಎಣಿಸಿದ್ದೆ. ಹಿರಿಯ ಡಾಕ್ಟರು ಅದನ್ನು ನೋಡಿ, "ಮಾರ್ಫಿನ್ನಿಗೆ ಹೆದರಬೇಡ. ಎಲ್ಲಿ ಹೋಯಿತು ಅಂತ ಗೊತ್ತಿಲ್ಲದ ಮಾರ್ಫಿನ್ನಿಗೆ ಹೆದರು" ಎಂದಿದ್ದರು. ಆ ಮಾತಿನ ಅರ್ಥ ನನಗೆ ತಿಳಿಯಲು ಎಂಟು ದಿನ ಬೇಕಾಯಿತು.

ಆಣೆ ಲೆಕ್ಕದ ಬಗ್ಗೆ ಹೇಳಬೇಕು. ಆಸ್ಪತ್ರೆಯ ಫಾರಂನಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಗುರುತಿಸಬೇಕು. ಪಕ್ಕದಲ್ಲಿ ನಗುವ, ಅಳುವ ಮುಖಗಳ ಚಿತ್ರಗಳಿವೆ. ನಮ್ಮ ಕಡೆಯ ಅಜ್ಜಿಯರಿಗೆ ಅದನ್ನು ತೋರಿಸಿದರೆ, "ಈ ಹುಡುಗ ಯಾಕ ಅಳಾಕ ಹತ್ತ್ಯಾನ?" ಎಂದು ಕೇಳುತ್ತಾರೆ. ಆದರೆ ಜ್ವರ ಎಷ್ಟು ಇಳಿಯಿತು ಎಂದರೆ ರೂಪಾಯಿಗೆ ಎಂಟಾಣೆ ಇಳಿಯಿತು ಎಂದು ಥಟ್ಟನೆ ಹೇಳುತ್ತಾರೆ. ನಮ್ಮ ಮನೆಯ ಹಿರಿಯರೂ ಹಾಗೆಯೇ. ಹೀಗಾಗಿ ನಾನು ಎಲ್ಲರಿಗೂ ಒಂದೇ ರೀತಿ ಕೇಳುತ್ತೇನೆ: ತಡೆಯಲಾರದ ನೋವು ಅಂದರೆ ಒಂದು ರೂಪಾಯಿ, ಹದಿನಾರಾಣೆ. ಈಗ ನಿಮ್ಮ ಮೈಯಲ್ಲಿ ಎಷ್ಟಾಣೆ ಉಳಿದಿದೆ? ಉತ್ತರವನ್ನು ನೋಟ್‌ಬುಕ್ಕಿನ ಒಂದು ಕಾಲಮ್ಮಿನಲ್ಲಿ ಬರೆಯುತ್ತೇನೆ. ಉಳಿದ ಕಾಲಮ್ಮುಗಳು: ವಾರ, ಕೊಟ್ಟ ಗುಳಿಗೆ, ಉಳಿಯಬೇಕಾದದ್ದು, ಉಳಿದದ್ದು, ನಿದ್ದೆ, ಉಸಿರು, ಹೊಟ್ಟೆ. ಹೊಟ್ಟೆ ಅಂದರೆ ಮಲವಿಸರ್ಜನೆ ಆಯಿತೋ ಇಲ್ಲವೋ. ಆಗಿದ್ದರೆ ಸರಿ ಗುರುತು, ಆಗದಿದ್ದರೆ ತಪ್ಪು ಗುರುತು.

ನನ್ನ ಜೊತೆ ಜೀಪಿನಲ್ಲಿ ಮನೆಮನೆಗೆ ಬರುವ ಸಿಸ್ಟರ್ ಚೋರನೂರಿನವರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಗಡಿಯಾರ ನೋಡಿಕೊಂಡು ಉಸಿರು ಎಣಿಸುವುದನ್ನು ಕಂಡರೆ ಅವರಿಗೆ ನಗು. "ಡಾಕ್ಟರಮ್ಮ, ನಿಮ್ಮನ್ನ ಮದುವಿ ಆಗಾವ ಪುಣ್ಯವಂತ ಬಿಡ್ರಿ. ರಾತ್ರಿ ಎಷ್ಟು ಸಲ ಗೊರಕಿ ಹೊಡದ ಅಂತ ಮುಂಜಾನೆ ಲೆಕ್ಕ ಸಿಗತೈತಿ" ಎನ್ನುತ್ತಿದ್ದರು.

ಅಜ್ಜಿಯ ಮನೆ ಕಂಪ್ಲಿಯಲ್ಲಿ, ಒಂದು ಟಿಫಿನ್ ಅಂಗಡಿಯ ಹಿಂದೆ. ಅಂಗಡಿ ಮಗ, ಸೊಸೆಯದು. ಮುಂದೆ ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿ. ಹಿಂದೆ ಉದ್ದನೆಯ ಒಂದೇ ಪಡಸಾಲೆ. ಪಡಸಾಲೆಯ ಮಂಚದ ಮೇಲೆ ಅಜ್ಜಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಜ್ಜ. ಮಗ, ಸೊಸೆಗೆ ಬೆಳಗಿನಿಂದ ಒಲೆ ಬಿಟ್ಟು ಕದಲಲು ಆಗುವುದಿಲ್ಲ. ಅದಕ್ಕೆ ಗುಳಿಗೆಯ ಜವಾಬ್ದಾರಿ ಅಜ್ಜನಿಗೆ ಬಂತು.

ಅಜ್ಜ ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸುತ್ತಿದ್ದವರು. ಲಾರಿಗೆ ಏರುವ ಪ್ರತಿ ಚೀಲಕ್ಕೂ ಒಂದು ಗೆರೆ, ನಾಲ್ಕು ಗೆರೆಯಾದ ಮೇಲೆ ಐದನೆಯದು ಅಡ್ಡ. ಜೀವನವಿಡೀ ಅದೇ ಕೆಲಸ. ಗುಳಿಗೆಗೂ ಹಾಗೆಯೇ ಗೆರೆ ಹಾಕುತ್ತೇನೆ ಎಂದರು. ನನಗೆ ಅಷ್ಟು ಸಂತೋಷ ಬೇರೆ ಯಾವ ಮನೆಯಲ್ಲೂ ಆಗಿರಲಿಲ್ಲ. ನನ್ನಂಥವರೇ ಒಬ್ಬರು ಸಿಕ್ಕಿದರು ಅನ್ನಿಸಿತು.

ನಾನು ಹೊತ್ತು ಹೇಳಿದೆ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ನೋವು ಇರಲಿ, ಬಿಡಲಿ, ಗಡಿಯಾರ ನೋಡಿ ಒಂದೊಂದು.

"ಆರಕ್ಕ ನನ್ನ ಲಿಂಗಪೂಜಿ ಆಗಿರಂಗಿಲ್ಲ" ಎಂದರು ಅಜ್ಜಿ. "ಪೂಜಿ ಆಗೂಮಟ ನಾನು ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ."

"ಐದೂವರಿಗೆ ಮಾಡ್ಕೋ. ಶಿವ ಏನು ನಿನ್ನಂಗ ತಡಾ ಮಾಡಿ ಏಳ್ತಾನೇನು?" ಎಂದರು ಅಜ್ಜ.

"ನೋಡವ್ವಾ, ಹೆಂಗ ಮಾತಾಡ್ತಾನ. ಇವನ ಕೈಯಾಗ ಔಷಧ ಕೊಟ್ಟು ಹೊಂಟೀಯಲ್ಲ" ಎಂದು ಅಜ್ಜಿ ನನಗೆ ಹೇಳಿದರು. ಮೈ ಅಲುಗಿಸದೆ, ಕಣ್ಣಷ್ಟೇ ಹೊರಳಿಸಿ ಹೇಳಿದರು. ಅಲುಗಿದರೆ ಬೆನ್ನು ಸೀಳಿದ ಹಾಗೆ ಆಗುತ್ತಿತ್ತು.

ಸಿಸ್ಟರ್ ಉಳಿದದ್ದನ್ನು ಹೇಳಿದರು. ಗುಳಿಗೆ ಬೀಗದಲ್ಲಿರಬೇಕು, ಬೇರೆ ಯಾರಿಗೂ ಒಂದನ್ನೂ ಕೊಡಬಾರದು, ಮಂಡಿ ನೋವು ಎಂದು ಪಕ್ಕದ ಮನೆಯವರು ಕೇಳಿದರೂ ಕೊಡಬಾರದು. ಅಜ್ಜಿ ಕರೆದರೂ ಏಳದಷ್ಟು ಮಂಪರಿನಲ್ಲಿದ್ದರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಫೋನ್ ಮಾಡಬೇಕು. ಈ ಗುಳಿಗೆ ಹೊಟ್ಟೆ ಕಟ್ಟುತ್ತದೆ, ಅದಕ್ಕೇ ರಾತ್ರಿ ಮಲಗುವಾಗ ಭೇದಿಯ ಗುಳಿಗೆ ಎರಡು, ತಪ್ಪಿಸಬಾರದು. ಅಜ್ಜ ಒಂದು ತಗಡಿನ ಪೆಟ್ಟಿಗೆ ತಂದು ಎಲ್ಲವನ್ನೂ ಅದರಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. "ಇನ್ನ ಇದನ್ನ ಕದಿಯಾಕ ಬಂದಾವ ನನ್ನ ಧೋತರಕ್ಕ ಕೈ ಹಾಕಬೇಕು" ಎಂದರು. ಸಿಸ್ಟರ್ ಸೆರಗು ಬಾಯಿಗೆ ಒತ್ತಿ ನಕ್ಕರು.

ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಮತ್ತೆ ಹೋದೆವು. ಅಜ್ಜ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಕಿದ ಗೆರೆಗಳನ್ನು ತೋರಿಸಿದರು. ಐದರ ಕಟ್ಟು ಏಳು. ಮೂವತ್ತೈದು ಗುಳಿಗೆ ಕೊಟ್ಟಾಗಿದೆ. ಪೆಟ್ಟಿಗೆಯಲ್ಲಿ ಹದಿನೈದು ಉಳಿದಿರಬೇಕು. ಎಣಿಸಿದೆ. ಹದಿನೈದೇ ಇದ್ದವು. ಖಾಲಿ ಪಟ್ಟಿಗಳನ್ನೂ ಅಜ್ಜ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು.

ಆದರೆ ನೋವು ಹನ್ನೆರಡಾಣೆ. ವಾರದಲ್ಲಿ ಇಳಿದದ್ದು ಎರಡೇ ಆಣೆ. "ರಾತ್ರಿ ನಿದ್ದಿ ಚಲೋ ಬರತೈತಿ ಯವ್ವಾ. ಹಗಲಿನಾಗ ಮಾತ್ರ ಹಂಗ ಐತಿ" ಎಂದರು ಅಜ್ಜಿ. ಹಗಲು ಎದ್ದು ಕೂರುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಅದಕ್ಕೆ ನೋವು ಹೆಚ್ಚು ಎಂದು ನಾನು ಅರ್ಥ ಮಾಡಿಕೊಂಡೆ. ಉಸಿರು ಹದಿನೆಂಟು. ಮಂಪರು ಇಲ್ಲ, ವಾಕರಿಕೆ ಇಲ್ಲ. ಹೊಟ್ಟೆ? "ದಿನಾ ಆಗತೈತಿ. ಆ ಭೇದಿ ಗುಳಿಗಿ ಯಾಕ ಬೇಕು? ಮುಟ್ಟೇ ಇಲ್ಲ." ಏಳು ದಿನಕ್ಕೆ ಏಳು ಸರಿ ಗುರುತು ಹಾಕಿದೆ. ಭೇದಿಯ ಗುಳಿಗೆಯ ಪಟ್ಟಿಯನ್ನು ತೆಗೆದು ನೋಡಿದೆ, ಒಂದೂ ಒಡೆದಿರಲಿಲ್ಲ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಹಿರಿಯ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಲೆಕ್ಕ ಸರಿ ಇದೆಯಾ ಎಂದರು. ಸರಿ ಇದೆ ಎಂದೆ. ಹಾಗಾದರೆ ಅರ್ಧ ಏರಿಸು ಎಂದರು. ಪ್ರತಿ ಹೊತ್ತಿಗೂ ಒಂದೂವರೆ ಗುಳಿಗೆ ಎಂದು ಬರೆದು ಮತ್ತಷ್ಟು ಗುಳಿಗೆ ಎಣಿಸಿಕೊಟ್ಟೆ. ಅರ್ಧ ಮಾಡುವುದು ಹೇಗೆ ಎಂದು ಕೇಳುವ ಮೊದಲೇ ಅಜ್ಜ ಅಡಕತ್ತರಿ ತಂದರು.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು ಕೂರಿಸಿಕೊಂಡರು. "ಶುಕ್ರವಾರ ಸಂಡೂರಾಗ ಮೊಮ್ಮಗಳ ಕುಬಸ ಐತಿ. ಮಗಳ ಮಗಳು. ಚೊಚ್ಚಲ ಬಸುರಿ. ಮೊದಲ ಉಡಿ ನಾನೇ ತುಂಬಬೇಕು ಅಂತ ಹಟಾ ಹಿಡದಾಳ." ನನ್ನ ಕೈ ಬಿಡದೆ ಕೇಳಿದರು: "ಈ ಗುಳಿಗಿ ಒಂದಿನ ಜಾಸ್ತಿ ತಗೊಂಡ್ರ ಜಾಸ್ತಿ ಆರಾಮ ಆಗತೈತೇನ?"

"ಹಂಗೆಲ್ಲ ಜಾಸ್ತಿ ತಗೋಬಾರದು ಅಜ್ಜಿ" ಎಂದೆ. ಯಾಕೆ ಕೇಳುತ್ತೀರಿ ಎಂದು ಕೇಳಲಿಲ್ಲ. ಜೀಪಿನ ಡ್ರೈವರ್ ಎರಡನೆಯ ಸಲ ಹಾರನ್ ಹೊಡೆದಿದ್ದ. ಬುಕ್ಕಸಾಗರದಲ್ಲಿ ಇನ್ನೊಂದು ಮನೆ ಇತ್ತು.

ಬುಕ್ಕಸಾಗರದಲ್ಲಿ ಭತ್ತದ ಕೊಯ್ಲು ನಡೆದಿತ್ತು. ಅಲ್ಲಿನ ರೋಗಿ ಐವತ್ತರ ಗಂಡಸು. ಅವರಿಗೂ ಅದೇ ಗುಳಿಗೆ, ಅಷ್ಟೇ ಪ್ರಮಾಣ. ನೋವು ಮೂರಾಣೆಗೆ ಇಳಿದಿತ್ತು. ಆದರೆ ಭೇದಿಯ ಗುಳಿಗೆ ತಪ್ಪದೆ ತೆಗೆದುಕೊಂಡರೂ ನಾಲ್ಕು ದಿನದಿಂದ ಹೊಟ್ಟೆ ಹೋಗಿರಲಿಲ್ಲ. ಸಿಸ್ಟರ್ ಎನಿಮಾ ಕೊಟ್ಟು ಸರಿಮಾಡುವಷ್ಟರಲ್ಲಿ ಒಂದು ತಾಸು ಹೋಯಿತು. ವಾಪಸು ಬರುವಾಗ ಕಮಲಾಪುರದ ಬಳಿ ಹಂಪಿಗೆ ತಿರುಗುವ ಬಸ್ಸುಗಳ ಸಾಲಿನಲ್ಲಿ ಸಿಕ್ಕಿಕೊಂಡು, ಕತ್ತಲಾಗುವ ಹೊತ್ತಿಗೆ ಹೊಸಪೇಟೆ ಸೇರಿದೆವು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನೋಟ್‌ಬುಕ್ಕಿನಿಂದ ಆಸ್ಪತ್ರೆಯ ರಿಜಿಸ್ಟರಿಗೆ ನಕಲು ಮಾಡಲು ಕೂತೆ. ಕಂಪ್ಲಿಯ ಸಾಲು ಮೇಲೆ, ಬುಕ್ಕಸಾಗರದ ಸಾಲು ಕೆಳಗೆ. ಹೊಟ್ಟೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಕೆಳಗೆ ನಾಲ್ಕು ತಪ್ಪು ಗುರುತು. ಮೇಲೆ ಏಳು ಸರಿ ಗುರುತು, ಅದೂ ಭೇದಿಯ ಗುಳಿಗೆ ಮುಟ್ಟದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುಗಿಸಿದೆ. ಹಿರಿಯ ಡಾಕ್ಟರು ಮಾರ್ಫಿನ್ ಬರೆದುಕೊಟ್ಟ ಒಂಬತ್ತು ಜನರ ಲೆಕ್ಕ ನನ್ನ ಬಳಿ ಇತ್ತು. ಭೇದಿಯ ಗುಳಿಗೆ ಇಲ್ಲದೆ, ಹೊಟ್ಟೆ ಕಟ್ಟದೆ ಮೂರು ದಿನ ದಾಟಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ನೋಟ್‌ಬುಕ್ ಹಿಡಿದುಕೊಂಡು ಹಿರಿಯ ಡಾಕ್ಟರ ಕೋಣೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ಎರಡೂ ಸಾಲು ನೋಡಿದರು.

"ಲೆಕ್ಕ ತಪ್ಪಿಲ್ಲ. ಪೆಟ್ಟಿಗೆಯಿಂದ ಗುಳಿಗೆ ಹೊರಗೆ ಹೋಗಿದೆ. ಆದರೆ ಅಜ್ಜಿಯ ಹೊಟ್ಟೆಗೆ ಹೋಗಿಲ್ಲ" ಎಂದರು.

"ರಾತ್ರಿ ನಿದ್ದೆ ಬರ್ತದೆ ಅಂದ್ರು ಸರ್."

"ಹಾಗಾದರೆ ರಾತ್ರಿಯದು ಒಂದು ಹೋಗಿದೆ. ಉಳಿದ ನಾಲ್ಕು ಎಲ್ಲಿ?"

ಮೊದಲು ನನಗೆ ಕಂಡದ್ದು ಆ ಟಿಫಿನ್ ಅಂಗಡಿ. ಎಷ್ಟು ಜನ ಬಂದು ಹೋಗುವ ಜಾಗ. ನೋವಿನ ಗುಳಿಗೆ ಇದೆ ಎಂದು ಗೊತ್ತಾದರೆ ಕೇಳುವವರಿಗೆ ಕೊರತೆಯಿಲ್ಲ. ಮಗನ ಮೇಲೆ ಒಂದು ಕ್ಷಣ ಅನುಮಾನ ಬಂತು, ಅದನ್ನು ಬರೆಯಲು ಈಗಲೂ ಸಂಕೋಚ. ಆಮೇಲೆ ಅಜ್ಜಿ ಕೈ ಹಿಡಿದು ಕೇಳಿದ ಪ್ರಶ್ನೆ ನೆನಪಾಯಿತು. ಒಂದಿನ ಜಾಸ್ತಿ ತಗೊಂಡರೆ. ಶುಕ್ರವಾರ ಕುಬಸ. ಇವತ್ತು ಗುರುವಾರ.

"ಕೂಡಿಡ್ತಿದ್ದಾರೆ ಸರ್. ನಾಳೆ ಒಟ್ಟಿಗೆ ತಗೊಳ್ಳೋಕೆ" ಎಂದೆ.

ದಿನಕ್ಕೆ ಒಂದೇ ಗುಳಿಗೆಯ ಅಭ್ಯಾಸವಿರುವ ಮುದಿ ಮೈ ಅದು. ಅದಕ್ಕೆ ಐದಾರು ಗುಳಿಗೆ ಒಮ್ಮೆಲೇ ಬಿದ್ದರೆ ಮೊದಲು ನೋವು ಹೋಗುತ್ತದೆ, ಆಮೇಲೆ ನಿದ್ದೆ ಬರುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. ಹೆಂಗಸರು ತುಂಬಿದ ಮನೆಯಲ್ಲಿ ಮೂಲೆಯಲ್ಲಿ ಮಲಗಿದ ಅಜ್ಜಿಯನ್ನು ಯಾರೂ ಎಬ್ಬಿಸುವುದಿಲ್ಲ. ಪಾಪ, ದಣಿದಿದ್ದಾರೆ, ಮಲಗಲಿ ಅನ್ನುತ್ತಾರೆ. ಅದರ ಮೇಲೆ ನಾನು ಬೇರೆ ನಿನ್ನೆಯಷ್ಟೇ ಪ್ರಮಾಣ ಏರಿಸಿ ಬಂದಿದ್ದೆ.

ಅಜ್ಜನಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಿಸ್ಟರ್ ಚೀಲದಲ್ಲಿ ಮಾರ್ಫಿನ್ ಇಳಿಸುವ ಚುಚ್ಚುಮದ್ದು ಇದೆಯೇ ಎಂದು ನೋಡಿಕೊಂಡರು. ಒಂಬತ್ತೂ ಐವತ್ತಕ್ಕೆ ಜೀಪು ಹೊರಟಿತು. ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಿದ್ದೆ. ಸಿಸ್ಟರ್ ಒಮ್ಮೆ ಮಾತ್ರ, "ಕುಬಸ ನಾಳೆ ಅಲ್ಲೇನ್ರೀ? ಇವತ್ತು ಯಾಕ ತಗೋತಾಳ? ಆಕೀಗೂ ಲೆಕ್ಕ ಬರತೈತಿ, ಸುಮ್ಮನ ಕುಂದ್ರಿ" ಎಂದರು.

ಹನ್ನೊಂದೂ ಹತ್ತಕ್ಕೆ ಒಳಗೆ ಹೋದಾಗ ಅಜ್ಜಿ ಮಂಚದ ಮೇಲೆ ಎಚ್ಚರವಾಗಿಯೇ ಇದ್ದರು. ಉಸಿರು ಎಣಿಸಿದೆ, ಹದಿನೆಂಟು. ಅಜ್ಜ ಸ್ಟೂಲಿನಿಂದ ಎದ್ದು, "ನಿನ್ನೆ ಬಂದು ಇವತ್ತು ಮತ್ತ ಬಂದೀರಿ, ಏನಾರ ಮರ್ತು ಹೋಗಿದ್ರೇನು?" ಎಂದರು. ಫೋನು ಅಂಗಡಿಯಲ್ಲಿ ಚಾರ್ಜಿಗೆ ಹಾಕಿತ್ತಂತೆ.

ಹೇಗೆ ಕೇಳಬೇಕು ಎಂದು ನನಗೆ ತಿಳಿಯಲಿಲ್ಲ. "ಅಜ್ಜಿ, ಗುಳಿಗಿ ನುಂಗ್ತೀರಲ್ಲ?" ಎಂದೆ.

"ಹೂಂ ಯವ್ವಾ."

"ಇವತ್ತು ಹತ್ತರದು?"

"ಆ ಮುದುಕನ್ನ ಕೇಳು. ಗೆರಿ ಹಾಕ್ಯಾನಲ್ಲ."

ಅಜ್ಜ ಕ್ಯಾಲೆಂಡರ್ ತೋರಿಸಿದರು. ಗೆರೆ ಇತ್ತು. ನಾನು ಸಿಸ್ಟರ್ ಮುಖ ನೋಡಿದೆ. ಅವರು ಮಂಚದ ಅಂಚಿಗೆ ಕೂತು, ಅಜ್ಜಿಯ ಮಗ್ಗುಲಲ್ಲಿದ್ದ ಎಲೆ ಅಡಿಕೆಯ ಸಂಚಿಯ ಕಡೆ ನೋಡಿ, "ಅಜ್ಜಿ, ಒಂದು ಎಲಿ ಕೊಡ್ರಿ. ದಾರ್ಯಾಗ ಧೂಳು ಕುಡದು ಬಾಯಿ ಕೆಟ್ಟೈತಿ" ಎಂದರು.

ಸಂಚಿ ಅಂದರೆ ಮಡಿಚಿದರೆ ಅಂಗೈಯಷ್ಟು, ಬಿಚ್ಚಿದರೆ ನಾಲ್ಕು ಜೇಬಿನ ಬಟ್ಟೆಯ ಚೀಲ. ಎಲೆಗೆ ಒಂದು ಜೇಬು, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು. ಮನೆಗೆ ಬಂದವರು ಕೇಳುವ ಮೊದಲೇ ಅದನ್ನು ಬಿಚ್ಚಿ ಮುಂದಿಡುವುದು ಅಜ್ಜಿಯಂಥವರ ಪದ್ಧತಿ. ಹಿಂದಿನ ಎರಡು ಸಲವೂ ನಮಗೆ ಕೊಟ್ಟಿದ್ದರು. ಈಗ ಅಜ್ಜಿಯ ಎರಡೂ ಕೈ ಸಂಚಿಯ ಮೇಲೆ ಒತ್ತಿಕೊಂಡವು.

"ಎಲಿ ತೀರ್ಯಾವು" ಎಂದರು.

"ಮುಂಜಾನೆ ಒಂದು ಕವಳಿ ಎಲಿ ತಂದು ಕೊಟ್ಟೀನಲ್ಲೇ!" ಅಜ್ಜನಿಗೆ ನಿಜಕ್ಕೂ ಅವಮಾನವಾಗಿತ್ತು. "ಮನಿಗೆ ಬಂದೋರು ಎಲಿ ಕೇಳಿದ್ರ ಇಲ್ಲ ಅಂತೀಯೇನ? ಬುದ್ಧಿ ಐತಿಲ್ಲ ನಿನಗ?"

ಅಜ್ಜಿ ಗೋಡೆಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಸಂಚಿಯನ್ನು ಸಿಸ್ಟರ್ ಕೈಗೆ ಕೊಟ್ಟರು. ನಾಲ್ಕನೆಯ ಜೇಬಿನಲ್ಲಿ, ಹಳೆಯ ರವಿಕೆಯ ಖಣದ ತುಂಡಿನಲ್ಲಿ ಗಂಟು ಕಟ್ಟಿ, ಗುಳಿಗೆಗಳಿದ್ದವು.

ಹಾಸಿಗೆಯ ಮೇಲೆ ಹರವಿ ಎಣಿಸಿದೆ. ಮೂವತ್ತೆರಡು ಇಡಿಯವು, ನಾಲ್ಕು ಅರ್ಧ. ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ವಾರಕ್ಕೆ ಇಪ್ಪತ್ತೆಂಟು, ನಿನ್ನೆ ಮಧ್ಯಾಹ್ನದಿಂದ ನಾಲ್ಕು ಹೊತ್ತಿನ ಒಂದೂವರೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಅಂದರೆ ಒಂದು ಗುಳಿಗೆಯೂ ಈ ಪಡಸಾಲೆಯಿಂದ ಹೊರಗೆ ಹೋಗಿಲ್ಲ. ಮಗನ ಮೇಲೆ ಬಂದಿದ್ದ ಅನುಮಾನಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅವರು ಅದೇ ಹೊತ್ತಿಗೆ ನಮಗೆ ಚಹಾ ತಂದರು.

"ಅಜ್ಜ, ನೀವು ಕೊಟ್ಟೀನಿ ಅಂತ ಗೆರಿ ಹಾಕಿದ್ರಲ್ಲ?" ಎಂದೆ.

ಅಜ್ಜ ಗುಳಿಗೆಗಳನ್ನೇ ನೋಡುತ್ತಿದ್ದರು. "ಕೊಟ್ಟೀನ್ರೀ. ಕೈಯಾಗ ಇಟ್ಟೀನಿ, ನೀರು ಕೊಟ್ಟೀನಿ. ಆಕಿ ಸೆರಗು ಅಡ್ಡ ಮಾಡ್ಕೊಂಡು ನುಂಗ್ತಿದ್ಲು. ಹೆಂಗಸು ಬಾಯಿ ತೆರೆಯೂದು ಏನು ನೋಡೂದು ಅಂತ ಈ ಕಡೆ ತಿರುಗತಿದ್ನಿ." ಕ್ಯಾಲೆಂಡರಿನ ಗೆರೆಗಳ ಮೇಲೆ ಬೆರಳಾಡಿಸಿ, "ಗಿರಣ್ಯಾಗೂ ಹಂಗ್ರೀ. ಬಾಗಿಲ ದಾಟಿದ ಚೀಲದ ಲೆಕ್ಕ ನಂದು. ಯಾರ ಮನಿ ಮುಟ್ಟಿತು ಅಂತ ನನಗೇನು ಗೊತ್ತು?" ಎಂದರು.

ತಪ್ಪು ಅವರದಲ್ಲ. ಬಾಗಿಲು ದಾಟಿದ ಚೀಲವನ್ನೇ ನಾನೂ ಎಣಿಸಿದ್ದೆ. ಗೆರೆ ಚೆನ್ನಾಗಿದೆ ಎಂದು ನಂಬಿ, ಎದುರಿಗೇ ಇದ್ದ ಅಜ್ಜಿಯನ್ನು ಕೇಳದೆ ಪ್ರಮಾಣ ಏರಿಸಿದ್ದೆ.

"ಯಾಕ ಅಜ್ಜಿ?" ಎಂದು ಕೇಳಿದೆ.

"ಬೈತೀಯೇನ?"

"ಇಲ್ಲ."

"ಮೊದಲನೇ ದಿನ ರಾತ್ರಿ ಒಂದು ನುಂಗಿದ್ನಿ. ಎಷ್ಟೋ ತಿಂಗಳು ಆದ ಮ್ಯಾಲ ಅಂಥಾ ನಿದ್ದಿ ಬಂತು. ಇದು ಭಾಳ ದೊಡ್ಡ ಔಷಧ ಅಂತ ಆಗ ಗೊತ್ತಾತು. ಅಂಥಾದ್ದನ್ನ ದಿನಾ ತಿಂದು ಮೈಗೆ ಹಚ್ಚಿಕೊಂಡ್ರ, ಬೇಕಾದ ದಿನ ಅದು ಕೆಲಸ ಮಾಡತೈತೇನ? ಚಲೋ ಸೀರಿ ದಿನಾ ಉಟ್ಟು ಮುಸುರಿ ತಿಕ್ಕತೀವೇನ? ಕುಬಸದ ದಿನ ಒಂದು ಆರು ನುಂಗಿದ್ರ ಸಂಜಿಮಟ ನೆಟ್ಟಗ ಕುಂದ್ರಬಹುದು, ಉಡಿ ತುಂಬಿ ಬರಬಹುದು ಅಂತ ಮಾಡಿದ್ನಿ."

"ಆರು!" ಎಂದರು ಸಿಸ್ಟರ್. "ಉಡಿ ತುಂಬೂ ಹೊತ್ತಿಗೆ ನಿಮ್ಮನ್ನ ಎಬ್ಬಿಸಾಕ ಇಡೀ ಸಂಡೂರು ಬರಬೇಕಾಗಿತ್ತು. ಎದ್ದಿದ್ರ ಪುಣ್ಯ."

ಅಜ್ಜಿಗೆ ನಿಧಾನವಾಗಿ ಹೇಳಿದೆ. ಇದು ಸೀರೆಯಂತಲ್ಲ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನೋವು ತಲೆ ಎತ್ತುವುದಿಲ್ಲ. ಮುಂದೆ ನೋವು ಹೆಚ್ಚಾದರೆ ಪ್ರಮಾಣ ಹೆಚ್ಚಿಸಬಹುದು, ಔಷಧ ಸವೆದು ಹೋಗುವುದಿಲ್ಲ. ಮೈಗೆ ರೂಢಿಯಿಲ್ಲದೆ ಒಮ್ಮೆಲೇ ತಿಂದರೆ ಮಾತ್ರ ಉಸಿರು ನಿಲ್ಲಬಹುದು. ಅಜ್ಜಿ ಎಲ್ಲವನ್ನೂ ಕೇಳಿ, "ಹಂಗಾದ್ರ ನಾಳೆ ಹೋಗೂದು ಬ್ಯಾಡ ಅಂತೀಯೇನ?" ಎಂದರು. ಅವರಿಗೆ ಬೇಕಾಗಿದ್ದ ಉತ್ತರ ಅದೊಂದೇ. ಅವರ ಕಣ್ಣು ನನ್ನ ಮುಖದಿಂದ ಕದಲಲಿಲ್ಲ.

ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಏರಿಸಿದ್ದನ್ನು ರದ್ದು ಮಾಡು, ಮೊದಲಿನ ಒಂದು ಗುಳಿಗೆಗೇ ಬಾ, ನಿನ್ನ ಕಣ್ಣೆದುರಿಗೆ ನುಂಗಲಿ, ಎರಡು ತಾಸು ಅಲ್ಲೇ ಕೂತಿರು, ನಾಳೆಯದು ಆಮೇಲೆ ಹೇಳೋಣ ಎಂದರು.

ಹನ್ನೊಂದೂವರೆಗೆ ಅಜ್ಜಿ ಒಂದು ಗುಳಿಗೆ ನುಂಗಿ, ನಾಲಿಗೆ ಹೊರಚಾಚಿ ಎಲ್ಲರಿಗೂ ತೋರಿಸಿದರು. ನಾನು ಸ್ಟೂಲಿನ ಮೇಲೆ ಕೂತೆ. ಮೊದಲ ತಾಸಿನಲ್ಲಿ ಕಾಲು ತಾಸಿಗೊಮ್ಮೆ ಬರೆದದ್ದು ನೋಟ್‌ಬುಕ್ಕಿನಲ್ಲಿ ಹಾಗೆಯೇ ಇದೆ. ಉಸಿರು ಹದಿನೆಂಟು, ಹದಿನೆಂಟು, ಹದಿನೇಳು, ಹದಿನಾರು, ಹದಿನಾರು. ನೋವು ಹನ್ನೆರಡಾಣೆ, ಹನ್ನೊಂದು, ಎಂಟು, ಐದು, ನಾಲ್ಕು. ಹನ್ನೆರಡೂವರೆಗೆ ಅಜ್ಜಿ ಯಾರ ಸಹಾಯವೂ ಇಲ್ಲದೆ ಎದ್ದು ಗೋಡೆಗೆ ಒರಗಿ ಕೂತರು. ಸುತ್ತಲೂ ನೋಡಿದರು. "ಈ ಮುದುಕ ಜೇಡರ ಬಲಿ ತಗದೇ ಇಲ್ಲ ನೋಡು. ಮಲಕ್ಕೊಂಡಿದ್ನೆಲ್ಲ, ಕಂಡಿದ್ದಿಲ್ಲ" ಎಂದರು.

"ಮಲಕ್ಕೊಂಡ್ರ ಮ್ಯಾಲಿನ ಜಂತಿ ಅಲ್ಲೇನ ಕಾಣೂದು?" ಎಂದರು ಅಜ್ಜ. ಆದರೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.

ಒಂದೂವರೆಗೆ ನಾಳೆಯ ಪ್ರಯಾಣಕ್ಕೆ ಫೋನಿನಲ್ಲಿ ಒಪ್ಪಿಗೆ ಕೇಳಿದೆ. ಹಿರಿಯ ಡಾಕ್ಟರು, ಹೋಗಲಿ, ದಾರಿಯಲ್ಲಿ ಹೊಸಪೇಟೆ ಸಿಗುತ್ತದೆ, ಹತ್ತರ ಗುಳಿಗೆ ನಮ್ಮ ಗೇಟಿನ ಮುಂದೆ ನುಂಗಿ ಹೋಗಲಿ ಎಂದರು. ಮೂವತ್ತೆರಡು ಮತ್ತು ನಾಲ್ಕು ಅರ್ಧವನ್ನು ಲಕೋಟೆಗೆ ಹಾಕಿ, ಅಜ್ಜ ಮತ್ತು ಸಿಸ್ಟರ್ ಸಹಿ ಮಾಡಿಸಿ, ಆಸ್ಪತ್ರೆಗೆ ವಾಪಸು ತಂದೆ. ಪೆಟ್ಟಿಗೆಯಲ್ಲಿ ಮುಂದಿನ ಬುಧವಾರದವರೆಗೆ ಬೇಕಾಗುವಷ್ಟನ್ನೇ ಇಟ್ಟೆ. ಅಂದಿನ ಮಟ್ಟಿಗೆ ಹೊತ್ತುಗಳನ್ನು ಹೊಂದಿಸಿ ಬರೆದುಕೊಟ್ಟೆ. ಇನ್ನು ಗೆರೆಯನ್ನು ನುಂಗಿದ ಮೇಲೆಯೇ ಹಾಕಬೇಕು ಎಂದು ಅಜ್ಜನಿಗೆ ಹೇಳಿದೆ.

"ನುಂಗಿದ್ದು ಹೆಂಗ ಗೊತ್ತಾಗಬೇಕ್ರೀ? ಬಾಯಾಗ ಕೈ ಹಾಕಿದ್ರ ಕಚ್ಚತಾಳ."

"ಮಾತಾಡಸ್ರಿ" ಎಂದರು ಸಿಸ್ಟರ್. "ಬಾಯಾಗ ಗುಳಿಗಿ ಇಟ್ಕೊಂಡು ಮಾತಾಡಾಕ ಆಗಂಗಿಲ್ಲ. ಕೈಯೂ ಬಿಚ್ಚಿ ತೋರಸಲಿ."

"ಮಾತಾಡಿಸೂದೇನು ಕಷ್ಟ? ಆಕಿ ಹೆಂಗೂ ಬೈತಾಳ. ಬೈದ ಮ್ಯಾಲ ಗೆರಿ ಹಾಕ್ತೀನಿ" ಎಂದರು ಅಜ್ಜ.

ಶುಕ್ರವಾರ ಬೆಳಿಗ್ಗೆ ಒಂಬತ್ತೂ ಐವತ್ತೈದಕ್ಕೆ ಆಸ್ಪತ್ರೆಯ ಗೇಟಿನ ಮುಂದೆ ಕ್ರೂಸರ್ ಗಾಡಿ ನಿಂತಿತು. ತುಂಬ ಹೆಂಗಸರು, ಬುಟ್ಟಿಗಳು, ಕರಿದ ತಿಂಡಿಯ ವಾಸನೆ. ಮುಂದಿನ ಸೀಟಿನಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ ಅಜ್ಜಿ. ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಕಿಟಕಿಯ ಹೊರಗೆ ನಿಂತು ಉಸಿರು ಎಣಿಸಿದೆ, ಹದಿನಾರು. ನೋವು ನಾಲ್ಕಾಣೆ. ಅಜ್ಜ ಹಿಂದಿನಿಂದ ಗುಳಿಗೆ, ನೀರಿನ ಬಾಟಲಿ ಮುಂದೆ ಚಾಚಿದರು. ಅಜ್ಜಿ ನುಂಗಿ, ಎರಡೂ ಅಂಗೈ ಬಿಚ್ಚಿ ತೋರಿಸಿ, "ನೋಡಿದ್ರೇನ? ಇನ್ನ ಆ ಮುದುಕಗ ಹೇಳ್ರಿ, ನನ್ನ ಬಾಯಿ ನೋಡೂದು ಬಿಟ್ಟು ದಾರಿ ನೋಡು ಅಂತ" ಎಂದರು. ಹಿಂದಿನ ಸೀಟಿನಿಂದ, "ಬೈದ್ಲು, ಬೈದ್ಲು. ಗೆರಿ ಹಾಕು ಮಾವಾ!" ಎಂದು ಹೆಂಗಸರೆಲ್ಲ ಕೂಗಿದರು.

ಗಾಡಿ ಸಂಡೂರಿನ ದಾರಿ ಹಿಡಿಯಿತು. ಅಂದು ಹೊರರೋಗಿಗಳು ಮೂವತ್ತೊಂದು ಜನ. ಒಬ್ಬೊಬ್ಬರ ನಡುವೆಯೂ ನಾನು ಫೋನ್ ನೋಡಿದೆ. ಎರಡು ಗಂಟೆ ಕಳೆಯಿತು, ನಾಲ್ಕಾಯಿತು. ಆರೂ ಇಪ್ಪತ್ತಕ್ಕೆ ಅಜ್ಜ ಫೋನ್ ಮಾಡಿದರು. ಹಿಂದೆ ಬಳೆಗಳ ಸದ್ದು, ಯಾರೋ ಹಾಡು ಹೇಳುತ್ತಿದ್ದರು.

"ನಾಲ್ಕು ಹೊತ್ತಿಗೆ ನಾಲ್ಕು ಗೆರಿ, ನಾಲ್ಕು ಬೈಗಳ" ಎಂದು ವರದಿ ಒಪ್ಪಿಸಿದರು. "ಉಡಿ ತುಂಬಿದ್ಲು ಡಾಕ್ಟರಮ್ಮ. ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲಾ ತನ್ನ ಕೈಲೆ ಹಾಕಿದ್ಲು. ಹಾಕಿ ಅಲ್ಲೇ ಒಂದು ತಾಸು ಕುಂತ್ಲು. ಆಮ್ಯಾಲ ಐದಾಣೆ ಆಗೈತಿ ಅಂದ್ಲು, ಮಲಗಿಸೀವಿ. ಕರದ್ರ ಓ ಅಂತಾಳ. ನಾನು ಕಾಲು ತಾಸಿಗೊಮ್ಮೆ ಕರೀತೀನಿ, ಅದಕ್ಕೂ ಬೈತಾಳ."

ಫೋನ್ ಇಟ್ಟೆ. ಒಂಬತ್ತು ದಿನದಿಂದ ಭುಜದ ಮೇಲೆ ಏನೋ ಹೊತ್ತುಕೊಂಡಿದ್ದೆ ಎಂದು ಅದು ಇಳಿದ ಮೇಲೆ ಗೊತ್ತಾಯಿತು. ನೋಟ್‌ಬುಕ್ಕಿನಲ್ಲಿ "ಉಳಿದದ್ದು" ಕಾಲಮ್ಮಿನ ಪಕ್ಕದಲ್ಲಿ ಸ್ಕೇಲು ಇಟ್ಟು ಹೊಸದೊಂದು ಗೆರೆ ಎಳೆದು "ನುಂಗಿದ್ದು" ಎಂದು ಬರೆದೆ. ಕೆಳಗೆ, "ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಯಾಕೆ ಎಂದು ಕೇಳಬೇಕು" ಎಂದೂ ಬರೆದೆ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ತಿಂಡಿ ತಿನ್ನುವಾಗ ಮತ್ತೆ ಅಜ್ಜನ ಫೋನ್. ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

"ಡಾಕ್ಟರಮ್ಮ, ಬ್ಯಾನಿ ಮೂರಾಣೆ. ಗೆರಿ ಎಲ್ಲಾ ಸರಿ ಅದಾವು. ಆದ್ರ ಒಂದು ತಪ್ಪಾಗೈತ್ರಿ. ಗುರುವಾರ ರಾತ್ರಿ ಆ ಭೇದಿ ಗುಳಿಗಿ ಬ್ಯಾಡ ಅಂದ್ಲು, ಸಂಡೂರಿನ ದಾರ್ಯಾಗ ಹೊಟ್ಟಿ ಕೆಟ್ರ ಏನು ಮಾಡೂದು ಅಂತ. ಶುಕ್ರವಾರ ಅಲ್ಲೇ ಉಳದ್ವಿ, ಆಗಲೂ ಬ್ಯಾಡ ಅಂದ್ಲು. ಈಗ ನೋಡ್ರಿ, ಶುಕ್ರವಾರ ಇಲ್ಲ, ಶನಿವಾರ ಇಲ್ಲ, ಇವತ್ತೂ ಇಲ್ಲ. ಹೊಟ್ಟಿ ಕಲ್ಲಾಗೈತಿ ಅಂತಾಳ."

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ನಕ್ಕೆ.

"ಹೊಟ್ಟಿ ಕಟ್ಟಿದ್ದಕ್ಕ ನಗತೀರಲ್ರೀ?"

"ಚಲೋ ಆತು ಅಜ್ಜ, ಭಾಳ ಚಲೋ ಆತು" ಎಂದೆ. ಭೇದಿಯ ಗುಳಿಗೆ ಎರಡು ಈಗಲೇ ಕೊಡಿ, ಬಿಸಿನೀರು ಕುಡಿಸಿ, ಸಂಜೆವರೆಗೆ ಆಗದಿದ್ದರೆ ಸಿಸ್ಟರ್ ಬರುತ್ತಾರೆ, ಇನ್ನು ಮುಂದೆ ಒಂದು ರಾತ್ರಿಯೂ ತಪ್ಪಿಸಬೇಡಿ ಎಂದು ಹೇಳಿದೆ. ಅಜ್ಜಿಯ ಸಾಲಿನಲ್ಲಿ, ಹೊಟ್ಟೆಯ ಕಾಲಮ್ಮಿನಲ್ಲಿ, ಮೂರು ತಪ್ಪು ಗುರುತು ಹಾಕಿದೆ. ಅಷ್ಟು ನೆಮ್ಮದಿಯಿಂದ ನಾನು ಯಾವ ಸರಿ ಗುರುತನ್ನೂ ಹಾಕಿರಲಿಲ್ಲ.

ಸಂಜೆ ಐದೂ ಹತ್ತಕ್ಕೆ ಫೋನ್ ಬಂತು. ಅಜ್ಜ ಈಗ ಧ್ವನಿ ತಗ್ಗಿಸಿರಲಿಲ್ಲ. ಹಿಂದಿನಿಂದ ಅಜ್ಜಿ, "ಇಂಥಾದ್ದನ್ನೆಲ್ಲಾ ಓಣಿಗೆ ಕೇಳೂವಂಗ ಒದರತಾನ ನೋಡು!" ಎಂದು ಬೈಯುವುದು ಸ್ಪಷ್ಟವಾಗಿ ಕೇಳುತ್ತಿತ್ತು.

"ಡಾಕ್ಟರಮ್ಮ, ಆತ್ರೀ!" ಎಂದರು ಅಜ್ಜ. "ಇದಕ್ಕೂ ಒಂದು ಗೆರಿ ಹಾಕ್ಲೇನು?"